ಇಂಗ್ಲೆಂಡಿನ ಉದ್ಯೋಗ ಕಾನೂನು ಸಾಲಿಸಿಟರ್

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಕೀಲಿ ವೃತ್ತಿಗೆ ಎರಡು ಕವಲು. ಕೋರ್ಟಿನಲ್ಲಿ ವಾದಿಸುವುದು ಬ್ಯಾರಿಸ್ಟರನ ಮುಖ್ಯ ಕಸುಬಾದರೆ, ಕಕ್ಷಿದಾರರನ್ನು ನೇರವಾಗಿ ಕಂಡು ಸಲಹೆ, ಪತ್ರವ್ಯವಹಾರ, ಕಾಗದಪತ್ರ ನೋಡಿಕೊಳ್ಳುವವನು ಸಾಲಿಸಿಟರ್. ಉದ್ಯೋಗ ಕಾನೂನಿನ ಸಾಲಿಸಿಟರ್ ಬಳಿಗೆ ಬರುವುದು ವಜಾ, ಬಾಕಿ ಸಂಬಳ, ತಾರತಮ್ಯ, ಕಿರುಕುಳದಂಥ ತಕರಾರುಗಳು. ಅವನ ಕೈಪಿಡಿ ಎನ್ನಬಹುದಾದವು 1996ರ ಉದ್ಯೋಗ ಹಕ್ಕುಗಳ ಕಾಯ್ದೆ ಮತ್ತು 2010ರ ಸಮಾನತೆ ಕಾಯ್ದೆ.

ಈ ವೃತ್ತಿಗೆ ಕಾನೂನು ಪದವಿಯೇ ಬೇಕೆಂದಿಲ್ಲ. 2021ರಲ್ಲಿ ಬಂದ ಎಸ್‌ಕ್ಯುಇ ಎಂಬ ಎರಡು ಹಂತದ ಪರೀಕ್ಷೆಯಲ್ಲಿ ಪಾಸಾಗಬೇಕು, ಎರಡು ವರ್ಷದ ಕೆಲಸದ ಅನುಭವ ಇರಬೇಕು. ಉಚಿತ ಕಾನೂನು ಸಲಹಾ ಕೇಂದ್ರದಲ್ಲಿ ದುಡಿದದ್ದನ್ನೂ ಈ ಅನುಭವಕ್ಕೆ ಸೇರಿಸಿಕೊಳ್ಳಬಹುದು.

ವ್ಯಾಜ್ಯ ನಡೆಯುವುದು ಉದ್ಯೋಗ ಟ್ರಿಬ್ಯುನಲ್‌ನಲ್ಲಿ. 1964ರಲ್ಲಿ ಇದು ಹುಟ್ಟಿದ್ದು ತರಬೇತಿ ತೆರಿಗೆಯ ವಿರುದ್ಧ ಮಾಲೀಕರು ಹೂಡುವ ಮೇಲ್ಮನವಿ ಕೇಳಲಿಕ್ಕೆ. ಅನ್ಯಾಯದ ವಜಾ ಇದರ ಪಾಲಿಗೆ ಬಂದದ್ದು 1971ರ ಕಾನೂನಿನಿಂದ. ಇಲ್ಲಿ ವಿಗ್ಗು, ಗೌನುಗಳಿಲ್ಲ. ಸಾಲಿಸಿಟರ್ ತಾನೇ ಎದ್ದು ವಾದಿಸಬಹುದು. ಗೆದ್ದರೂ ವಕೀಲರ ಖರ್ಚು ಎದುರಾಳಿಯಿಂದ ಸಾಮಾನ್ಯವಾಗಿ ಸಿಗದು. ಪರಿಹಾರದ ಹಣ ಫೀಸಿಗೇ ಕರಗುವಂತಿದ್ದರೆ ದಾವೆ ಬೇಡ ಎಂದು ಹೇಳುವುದೂ ಸಾಲಿಸಿಟರನ ಕೆಲಸವೇ.

ಮೊದಲ ಭೇಟಿಯಲ್ಲಿ ನೋಡಬೇಕಾದದ್ದು ತಾರೀಖು. ಮೂರು ತಿಂಗಳಿಗೆ ಒಂದು ದಿನ ಕಡಿಮೆ ಎಂಬುದು ಬಹುಕಾಲದ ಗಡುವು: ಮಾರ್ಚ್ 10ರಂದು ವಜಾ ಆದವರಿಗೆ ಜೂನ್ 9 ಕೊನೆ. ಇದನ್ನು ಆರು ತಿಂಗಳಿಗೆ ಹಿಗ್ಗಿಸಲು 2025ರ ಕಾಯ್ದೆ ಅವಕಾಶ ಕೊಟ್ಟಿದೆ. ಟ್ರಿಬ್ಯುನಲ್ ಮೆಟ್ಟಿಲೇರುವ ಮುನ್ನ ಏಕಾಸ್ ಎಂಬ ಸರ್ಕಾರಿ ಸಂಧಾನ ಸಂಸ್ಥೆಗೆ ತಿಳಿಸುವುದು 2014ರಿಂದ ಕಡ್ಡಾಯ.

ಎಷ್ಟೋ ಪ್ರಕರಣಗಳು ರಾಜಿ ಒಪ್ಪಂದದಲ್ಲೇ ಮುಗಿಯುತ್ತವೆ. ನೌಕರ ಇಷ್ಟು ಹಣ ಪಡೆದು ದಾವೆಯ ಹಕ್ಕು ಬಿಟ್ಟುಕೊಡುತ್ತಾನೆ. ಆದರೆ ಸ್ವತಂತ್ರ ಸಲಹೆಗಾರರು ಅದರ ಪರಿಣಾಮವನ್ನು ಅವನಿಗೆ ವಿವರಿಸದಿದ್ದರೆ ಆ ಬಿಡುಗಡೆಗೆ ಬೆಲೆಯಿಲ್ಲ. ಹಾಗಾಗಿ ನೌಕರನ ಸಾಲಿಸಿಟರನ ಫೀಸನ್ನು ಮಾಲೀಕನೇ ಭರಿಸುವುದು ರೂಢಿ. ವಿಚಿತ್ರವೆನಿಸಿದರೂ, ಒಪ್ಪಂದ ಊರ್ಜಿತವಾಗಬೇಕೆಂಬ ಗರಜು ಅವನದೇ ತಾನೆ!

ಅಪರೂಪಕ್ಕೆ ಒಂದು ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಗುತ್ತದೆ. ಊಬರ್ ಚಾಲಕರು ಸ್ವಂತ ವ್ಯವಹಾರಸ್ಥರಲ್ಲ, ಕನಿಷ್ಠ ವೇತನಕ್ಕೂ ಸಂಬಳಸಹಿತ ರಜೆಗೂ ಹಕ್ಕುಳ್ಳ ಕೆಲಸಗಾರರು ಎಂದು 2021ರಲ್ಲಿ ತೀರ್ಪಾಯಿತು. ಅದಕ್ಕೂ ಮುಂಚೆ, 2013ರಲ್ಲಿ ಸರ್ಕಾರ ಟ್ರಿಬ್ಯುನಲ್ ಶುಲ್ಕ ಹೇರಿತ್ತು. ಅನ್ಯಾಯದ ವಜಾ ದಾವೆಗೆ ವಿಚಾರಣೆಯೂ ಸೇರಿ 1,200 ಪೌಂಡ್ ಆಗುತ್ತಿದ್ದುದರಿಂದ ಅರ್ಜಿಗಳು ಕುಸಿದವು. ಯೂನಿಸನ್ ಎಂಬ ಕಾರ್ಮಿಕ ಸಂಘ ಕೋರ್ಟಿಗೆ ಹೋಯಿತು. 2017ರಲ್ಲಿ ಶುಲ್ಕ ರದ್ದಾಗಿ, ಕಟ್ಟಿಸಿಕೊಂಡ ಹಣವನ್ನು ಸರ್ಕಾರ ಮರಳಿಸಬೇಕಾಯಿತು.