ಎರಡೂರ ಪುಸ್ತಕದಲ್ಲಿ ಒಂದೇ ಮಗು

ಗಡಿನಾಡಿನ ಕನ್ನಡ ಮನೆಗಳಲ್ಲಿ ಮಕ್ಕಳ ಶಾಲೆ ಬದಲಾಗುವುದು ಹೊಸ ಸಂಗತಿಯಲ್ಲ. ಮಂಜೇಶ್ವರದ ಮಗು ಅಜ್ಜಿಮನೆಯ ಅನುಕೂಲಕ್ಕೆಂದು ಮಂಗಳೂರಿಗೆ ಹೋಗುತ್ತದೆ. ಜತ್ತದ ಕುಟುಂಬ ಕೆಲಸವನ್ನರಸಿ ವಿಜಯಪುರಕ್ಕೆ ಬರುತ್ತದೆ. ತಾಳವಾಡಿಯವರಿಗೆ ಚಾಮರಾಜನಗರವೇ ಹತ್ತಿರದ ಪೇಟೆ. ರಾಜ್ಯದ ಎಲ್ಲೆ ದಾಟಲು ಬಸ್ಸಿಗೆ ಹೆಚ್ಚು ಹೊತ್ತು ಬೇಡ. ಮಗುವಿನ ಹೆಸರು ದಾಟಬೇಕಾದರೆ ಮಾತ್ರ ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. "ಹಳೆಯ ಶಾಲೆಯಲ್ಲಿ ಹೆಸರು ಇನ್ನೂ ಇದೆಯೆಂದು ಕಂಪ್ಯೂಟರು ತೋರಿಸುತ್ತದೆ" ಎಂಬ ಮಾತು ಜೂನ್ ತಿಂಗಳಿನಲ್ಲಿ ನಮ್ಮಂಥ ಅಧ್ಯಾಪಕರ ಕಿವಿಗೆ ಬೀಳುತ್ತಲೇ ಇರುತ್ತದೆ. ಅದು ಹಾಗೇಕೆ ತೋರಿಸುತ್ತದೆಂಬುದನ್ನು ತಂದೆತಾಯಂದಿರು ಅರಿತರೆ ಅರ್ಧ ತೊಳಲಾಟ ತಪ್ಪೀತೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಯಂತ್ರ ಬರುವುದಕ್ಕೆ ಮುಂಚೆಯೂ ಈ ತೊಡಕಿತ್ತು. ಅದಕ್ಕೆ ಹಿಂದಿನವರು ಕಂಡುಕೊಂಡ ಉಪಾಯವೇ ವರ್ಗಾವಣೆ ಪತ್ರ, ಎಂದರೆ ಎಲ್ಲರ ಬಾಯಲ್ಲಿರುವ ಟಿ.ಸಿ. ಅದರಲ್ಲಿ ಕ್ರಮವೇ ಮುಖ್ಯ. ಮೊದಲು ಹಳೆಯ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಬಿಟ್ಟ ದಿನಾಂಕವನ್ನು ಬರೆಯಬೇಕು. ಬಳಿಕ ಪತ್ರ ಕೊಡಬೇಕು. ಪತ್ರವನ್ನು ಕಂಡ ಮೇಲೆಯೇ ಹೊಸ ಶಾಲೆ ಹೆಸರು ಸೇರಿಸಬೇಕು. ನಡುವಣ ಕೆಲವು ದಿನ ಮಗು ಯಾವ ಪುಸ್ತಕದಲ್ಲೂ ಇಲ್ಲ. ಇದು ಲೋಪವಲ್ಲ, ತಿಳಿದೇ ಮಾಡಿದ ಆಯ್ಕೆ. ಎರಡೂ ಕಡೆ ಹೆಸರಿದ್ದರೆ ಮಧ್ಯಾಹ್ನದ ಊಟದ ಅಕ್ಕಿ, ಪಠ್ಯಪುಸ್ತಕ, ಸಮವಸ್ತ್ರ ಎಲ್ಲವೂ ಎರಡೆರಡು ಬಾರಿ ಲೆಕ್ಕಕ್ಕೆ ಬರುತ್ತವೆ. ಅಧ್ಯಾಪಕರ ಹುದ್ದೆಯೂ ಮಕ್ಕಳ ಸಂಖ್ಯೆಯನ್ನೇ ಅವಲಂಬಿಸಿದೆ. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನದ ಎಣಿಕೆಯಿಂದ ಹುದ್ದೆಗಳ ನಿರ್ಣಯವಾಗುವುದು ಕಾಸರಗೋಡಿನ ವಾಚಕರಿಗೆ ಗೊತ್ತಿದ್ದದ್ದೇ. ಕನ್ನಡ ವಿಭಾಗದಲ್ಲಿ ಒಂದು ಹೆಸರು ಕಡಿಮೆಯಾದರೆ ಒಬ್ಬ ಅಧ್ಯಾಪಕರ ಸ್ಥಾನವೇ ಅಲುಗಾಡಬಹುದಾದಾಗ, ಆ ಆರು ದಿನ ಹೆಸರು ಹೊಡೆದುಹಾಕಲು ಕೈ ತಡವರಿಸುವುದು ಮನುಷ್ಯ ಸಹಜ. ಅದು ಸರಿಯೆಂದು ನಾವು ಹೇಳಲಾರೆವು.

ಈಗಿನ ಸ್ಥಿತಿಯನ್ನು ನೋಡೋಣ. ಕೇರಳದ ಶಾಲೆಗಳಿಗೆ 'ಸಂಪೂರ್ಣ', ಕರ್ನಾಟಕಕ್ಕೆ 'ಸ್ಯಾಟ್ಸ್', ಮಹಾರಾಷ್ಟ್ರಕ್ಕೆ 'ಸರಲ್', ತಮಿಳುನಾಡಿಗೆ 'ಎಮಿಸ್' ಎಂದು ರಾಜ್ಯಕ್ಕೊಂದು ಗಣಕ ದಾಖಲೆ ಹುಟ್ಟಿಕೊಂಡಿತು. ಇವುಗಳ ಮೇಲೆ ಕೇಂದ್ರದ 'ಯುಡೈಸ್ ಪ್ಲಸ್'. ಅದರಲ್ಲಿ ಮೊದಲು ಶಾಲೆಗೆ ಇಷ್ಟು ಮಕ್ಕಳೆಂಬ ಒಟ್ಟು ಸಂಖ್ಯೆ ಮಾತ್ರ ಇರುತ್ತಿತ್ತು. 2022-23ರಿಂದ ಮಗುವಿಗೊಂದು ದಾಖಲೆಯಾಯಿತು. ಹೀಗಾಗಿ ಶಾಲೆಯ ಕಾಗದದ ಪುಸ್ತಕ, ರಾಜ್ಯದ ಗಣಕ, ಕೇಂದ್ರದ ಗಣಕ ಎಂದು ಒಂದೇ ಮಗು ಮೂರು ಕಡೆ ಕುಳಿತಿದೆ. ರಾಜ್ಯ ಬದಲಾದರೆ ಇನ್ನೆರಡು ಕಡೆ ಸೇರುತ್ತವೆ. ಇವೆಲ್ಲ ಒಂದಕ್ಕೊಂದು ತಾಳೆಯಾಗಬೇಕು.

ದೂರದೂರದ ದಾಖಲೆಗಳನ್ನು ತಾಳೆಗೊಳಿಸುವ ವಿದ್ಯೆಯೇ ಗಣಕಶಾಸ್ತ್ರದಲ್ಲಿ ಒಂದು ದೊಡ್ಡ ಭಾಗ. ಇಡೀ ಪುಸ್ತಕವನ್ನು ಪ್ರತಿದಿನ ನಕಲು ಮಾಡಿ ಕಳುಹಿಸುವುದು ಸುಲಭವಾದ ದಾರಿಯೆನಿಸಿದರೂ ಲಕ್ಷಾಂತರ ಹೆಸರುಗಳಿದ್ದಲ್ಲಿ ಅದು ಸಾಗದು. ಆದುದರಿಂದ ಬದಲಾವಣೆಗಳನ್ನು ಮಾತ್ರ, ಅಂಗಡಿಯ ದಿನವಹಿಯಂತೆ, ಒಂದರ ಕೆಳಗೊಂದು ಕ್ರಮಸಂಖ್ಯೆ ಹಾಕಿ ಬರೆದಿಟ್ಟು ಕಳುಹಿಸುತ್ತಾರೆ. "ನಮಗೆ 412ರವರೆಗೆ ತಲುಪಿದೆ" ಎಂದು ಆ ಕಡೆಯ ಯಂತ್ರ ತಿಳಿಸಿದರೆ ಈ ಕಡೆಯದು 413ರಿಂದ ಮುಂದುವರಿಸುತ್ತದೆ. ನಡುವೆ ತಂತಿ ಕಡಿದರೂ ಏನೂ ಕಳೆದುಹೋಗುವುದಿಲ್ಲ. ಕ್ರಮ ತಪ್ಪಿದರೆ ಮಾತ್ರ ಅನರ್ಥ. ಹೆಸರು ಸೇರಿಸಿದ ಸುದ್ದಿಗಿಂತ ತೆಗೆದ ಸುದ್ದಿ ಮೊದಲು ತಲುಪಿದರೆ, ಇಲ್ಲದ ಹೆಸರನ್ನು ತೆಗೆಯಲು ಹೋಗಿ ಯಂತ್ರ ಸುಮ್ಮನಾಗುತ್ತದೆ. ಆಮೇಲೆ ಹೆಸರು ಸೇರಿ ಅಲ್ಲೇ ಉಳಿಯುತ್ತದೆ. ಗಡಿಯಾರ ನೋಡಿ ಕ್ರಮ ಹಚ್ಚೋಣವೆಂದರೆ ಎರಡು ಊರಿನ ಯಂತ್ರಗಳ ಗಡಿಯಾರ ಕ್ಷಣಕ್ಕೆ ಕ್ಷಣ ಸರಿಹೊಂದುವುದಿಲ್ಲ. ಗಡಿಯಾರವನ್ನು ನಂಬದೆಯೇ ಘಟನೆಗಳ ಹಿಂದುಮುಂದನ್ನು ತಿಳಿಯುವ ಬಗೆಯನ್ನು ಲೆಸ್ಲಿ ಲ್ಯಾಂಪೋರ್ಟ್ ಎಂಬ ಅಮೆರಿಕದ ವಿದ್ವಾಂಸರು 1978ರಲ್ಲಿ ಒಂದು ಪ್ರಬಂಧದಲ್ಲಿ ತೋರಿಸಿಕೊಟ್ಟರು. ಪ್ರತಿ ಪತ್ರದೊಂದಿಗೂ ಒಂದು ಎಣಿಕೆಯನ್ನು ಕಳುಹಿಸುವುದು, ಪತ್ರ ಪಡೆದವರು ತಮ್ಮ ಎಣಿಕೆಯನ್ನು ಅದಕ್ಕಿಂತ ಮುಂದಕ್ಕೆ ಸರಿಸಿಕೊಳ್ಳುವುದು, ತಿರುಳು ಇಷ್ಟೇ.

ಇದಕ್ಕಿಂತ ಕಠಿಣವಾದದ್ದು ಇಬ್ಬರು ಒಮ್ಮೆಗೇ ತಿದ್ದುವ ಸಂದರ್ಭ. ಹಳೆಯ ಶಾಲೆಯವರು ಹುಟ್ಟಿದ ದಿನಾಂಕವನ್ನು ಸರಿಪಡಿಸಿದರು, ಅದೇ ಹೊತ್ತಿಗೆ ಹೊಸ ಶಾಲೆಯವರು ತಂದೆಯ ಹೆಸರನ್ನು ಸರಿಪಡಿಸಿದರು ಎಂದಿಟ್ಟುಕೊಳ್ಳಿ. ಕೊನೆಗೆ ಬಂದ ಇಡೀ ಸಾಲನ್ನೇ ಯಂತ್ರ ಉಳಿಸಿಕೊಂಡರೆ ಒಂದು ತಿದ್ದುಪಡಿ ಸದ್ದಿಲ್ಲದೆ ಅಳಿಸಿಹೋಗುತ್ತದೆ, ಯಾರಿಗೂ ಸುಳಿವೇ ಸಿಗುವುದಿಲ್ಲ. ಇದನ್ನು ತಪ್ಪಿಸಲು ಒಂದು ದಾಖಲೆಗೆ ಒಬ್ಬನೇ ಒಡೆಯನೆಂದು ನಿಯಮಿಸುವುದು ಬಲ್ಲವರ ದಾರಿ. ನಮ್ಮ ರೈಲ್ವೆಯವರು ಆಸನ ಕಾಯ್ದಿರಿಸುವ ಕೆಲಸದಲ್ಲಿ ಹಿಡಿದದ್ದು ಇದನ್ನೇ. 1985ರಲ್ಲಿ ದೆಹಲಿಯಲ್ಲಿ ಗಣಕ ಟಿಕೇಟು ಆರಂಭವಾಯಿತು; ಬಳಿಕ ಮುಂಬಯಿ, ಕಲಕತ್ತಾ, ಮದರಾಸು, ಸಿಕಂದರಾಬಾದುಗಳಲ್ಲೂ ಕೇಂದ್ರಗಳಾದವು; 1999ರಲ್ಲಿ ಐದನ್ನೂ ಜೋಡಿಸಿದರು. ಐದೂ ಕಡೆ ಎಲ್ಲ ರೈಲುಗಳ ಪಟ್ಟಿಯನ್ನು ನಕಲು ಮಾಡಿಡದೆ, ಒಂದು ರೈಲಿನ ಆಸನಗಳ ಪಟ್ಟಿ ಒಂದೇ ಕೇಂದ್ರದಲ್ಲಿ ಇರುವಂತೆ ಏರ್ಪಡಿಸಿದರು. ಸೊಲ್ಲಾಪುರದ ಕಿಟಕಿಯಲ್ಲಿ ಕೇಳಿದರೂ ಕಾಸರಗೋಡಿನಲ್ಲಿ ಕೇಳಿದರೂ ಪ್ರಶ್ನೆ ಆ ಕೇಂದ್ರಕ್ಕೇ ಹೋಗಿ ಉತ್ತರ ಬಂತು. ಒಂದು ಆಸನ ಇಬ್ಬರಿಗೆ ಮಾರಾಟವಾಗುವ ಭಯ ಹೀಗೆ ತೀರಿತು.

ಯುಡೈಸ್‌ನಲ್ಲಿಯೂ ಒಂದು ವೇಳೆಗೆ ಒಂದು ಶಾಲೆಯೇ ಮಗುವಿನ ಒಡೆಯ. ಮಗು ಬಿಟ್ಟುಹೋಯಿತೆಂದು ಹಳೆಯ ಶಾಲೆ ಗುರುತಿಸಿದರೆ ಹೆಸರು 'ಡ್ರಾಪ್ ಬಾಕ್ಸ್' ಎಂಬ ನಡುಮನೆಗೆ ಬರುತ್ತದೆ. ಅಲ್ಲಿಂದ ಹೊಸ ಶಾಲೆ, ಹೊರ ರಾಜ್ಯದ್ದಾದರೂ ಸರಿ, ಮಗುವಿನ ಶಾಶ್ವತ ಶಿಕ್ಷಣ ಸಂಖ್ಯೆಯನ್ನು ಕೊಟ್ಟು ಅದನ್ನು ಒಳಕ್ಕೆ ತೆಗೆದುಕೊಳ್ಳುತ್ತದೆ. ಟಿ.ಸಿ.ಯ ಹಳೆಯ ಕ್ರಮವೇ ಇಲ್ಲಿ ಹೊಸ ಅಂಗಿ ತೊಟ್ಟಿದೆ! ಆದರೆ ಒಂದು ಕಡೆ ಶಾಲೆ ಮೇ ಕೊನೆಯಲ್ಲೋ ಜೂನ್ ಮೊದಲಲ್ಲೋ ತೆರೆದರೆ ಮಹಾರಾಷ್ಟ್ರದಲ್ಲಿ ಜೂನ್ ನಡುವೆ ತೆರೆಯುವುದು. ಆ ಕಡೆಯ ಕೊಠಡಿಗೆ ಬೀಗ, ಈ ಕಡೆಯಲ್ಲಿ ಮಗು ಬಾಗಿಲಲ್ಲಿ.

ಸಂಖ್ಯೆಯ ಅಗತ್ಯವನ್ನು ಇಲ್ಲಿ ಹೇಳಲೇಬೇಕು. 'ಶ್ರೀಧರ' ಎಂಬ ಸರಳ ಹೆಸರನ್ನೇ ಇಂಗ್ಲಿಷಿನಲ್ಲಿ ಕೆಲವರು 'ಎಸ್' ಹಾಕಿ ಬರೆಯುತ್ತಾರೆ, ಕೆಲವರು 'ಎಸ್ ಎಚ್' ಹಾಕುತ್ತಾರೆ, ಕೇರಳದಲ್ಲಿ ಎರಡು 'ಇ' ಸೇರುತ್ತವೆ. ಮಹಾರಾಷ್ಟ್ರದವರು ಹೆಸರು, ತಂದೆಯ ಹೆಸರು, ಅಡ್ಡಹೆಸರುಗಳನ್ನು ಸಾಲಾಗಿ ಬರೆಯುತ್ತಾರೆ. ಕೇರಳದಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಬರುತ್ತದೆ. ಓದುವ ನಮಗೆ ಒಬ್ಬನೇ ಹುಡುಗನಾದರೂ ಅಕ್ಷರ ಹೋಲಿಸುವ ಯಂತ್ರಕ್ಕೆ ಮೂವರು.

ದಾಖಲೆಗಳ ನಡುವಣ ಸಂಪರ್ಕ ಕಡಿದಾಗ ಏನು ಮಾಡಬೇಕೆಂಬುದು ಇನ್ನೊಂದು ಪ್ರಶ್ನೆ. ಕೆಲಸ ನಿಲ್ಲಿಸಿ ಕಾಯಬೇಕು, ಇಲ್ಲವೇ ತಾಳೆಯಿಲ್ಲದೆಯೇ ಮುಂದುವರಿಯಬೇಕು. ಎರಡನ್ನೂ ಉಳಿಸಿಕೊಳ್ಳಲಾಗದೆಂದು ಎರಿಕ್ ಬ್ರೂವರ್ 2000ದಲ್ಲಿ ಹೇಳಿದರು, 2002ರಲ್ಲಿ ಗಿಲ್ಬರ್ಟ್ ಮತ್ತು ಲಿಂಚ್ ಅದನ್ನು ಗಣಿತದಿಂದ ಸಾಧಿಸಿದರು. ರೈಲಿನ ಆಸನಕ್ಕೆ ಕಾಯುವುದೇ ಸರಿ. ಮಗುವಿನ ಓದಿಗೆ? ಇದಕ್ಕೆ 2009ರ ಶಿಕ್ಷಣ ಹಕ್ಕು ಕಾಯಿದೆಯ 5ನೆಯ ಪ್ರಕರಣ ಸ್ಪಷ್ಟ ಉತ್ತರವನ್ನೇ ಕೊಟ್ಟಿದೆ. ಆರರಿಂದ ಹದಿನಾಲ್ಕರ ಮಗು ರಾಜ್ಯದೊಳಗಾಗಲಿ ಹೊರಗಾಗಲಿ ಸರಕಾರಿ ಇಲ್ಲವೇ ಅನುದಾನಿತ ಶಾಲೆಗೆ ಹೋಗಬಯಸಿದರೆ ಹಳೆಯ ಶಾಲೆಯ ಮುಖ್ಯೋಪಾಧ್ಯಾಯರು ಕೂಡಲೇ ಟಿ.ಸಿ. ಕೊಡತಕ್ಕದ್ದು, ಪತ್ರ ತಡವಾಯಿತೆಂಬ ನೆವದಿಂದ ಹೊಸ ಶಾಲೆ ಪ್ರವೇಶವನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ಎಂದರೆ ಮಗು ಮೊದಲು ಬೆಂಚಿನ ಮೇಲೆ ಕುಳಿತುಕೊಳ್ಳಲಿ, ಪುಸ್ತಕಗಳು ಆಮೇಲೆ ತಾಳೆಯಾಗಲಿ ಎಂದು ಶಾಸನವೇ ಆರಿಸಿಕೊಂಡಿದೆ. "ಕಂಪ್ಯೂಟರಿನಲ್ಲಿ ಹೆಸರು ಬಿಡುಗಡೆಯಾಗಿಲ್ಲ" ಎಂದು ಮಗುವನ್ನು ಹಿಂದಕ್ಕೆ ಕಳುಹಿಸುವವರು ಈ ಪ್ರಕರಣವನ್ನು ಮತ್ತೊಮ್ಮೆ ಓದುವುದು ಒಳ್ಳೆಯದು.

ಊರು ಬಿಡುವ ಯೋಚನೆಯಿರುವ ತಂದೆತಾಯಂದಿರು ಏಪ್ರಿಲಿನಲ್ಲಿ, ರಜೆಗೆ ಮುಂಚೆಯೇ, ಶಾಲೆಗೊಮ್ಮೆ ಹೋಗಿ ಬರಬೇಕು. ಶಾಶ್ವತ ಶಿಕ್ಷಣ ಸಂಖ್ಯೆಯನ್ನು ಟಿ.ಸಿ.ಯ ಮೇಲೆ ಬರೆಯಿಸಿಕೊಳ್ಳಿ. ಹೆಸರು, ಹುಟ್ಟಿದ ದಿನಾಂಕಗಳು ಆಧಾರ್ ಚೀಟಿಯಲ್ಲಿರುವಂತೆಯೇ ಶಾಲೆಯ ಗಣಕದಲ್ಲಿಯೂ ಇವೆಯೇ ಎಂದು ಅಕ್ಷರ ಅಕ್ಷರವಾಗಿ ನೋಡಿ. ತಿದ್ದುವುದೇನಾದರೂ ಇದ್ದರೆ ಹಳೆಯ ಶಾಲೆಯಲ್ಲೇ ಮುಗಿಸಿಕೊಳ್ಳಿ. ಟಿ.ಸಿ. ಕೈಗೆ ಬಂದ ದಿನವೇ ಗಣಕದಲ್ಲಿಯೂ ಹೆಸರನ್ನು ಬಿಡುಗಡೆ ಮಾಡಿದರೇ ಎಂದು ಕೇಳಿ, ಹೊಸ ಊರಿನ ಮುಖ್ಯೋಪಾಧ್ಯಾಯರಿಗೆ ಹಳೆಯ ಶಾಲೆಯ 11 ಅಂಕಿಗಳ ಯುಡೈಸ್ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ.