ದಮಸ್ಕದ ದೊರೆಗಳು, ಇಸ್ರಾಯೇಲಿನ ಅರಸರು

ಕಾದಾಡಿದರು, ಕೈಜೋಡಿಸಿದರು, ಕೊನೆಗೆ ಇಬ್ಬರೂ ಒಂದೇ ಸಾಮ್ರಾಜ್ಯದ ಪಾಲಾದರು

1993ರಲ್ಲಿ ಇಸ್ರೇಲಿನ ಉತ್ತರ ತುದಿಯ ತೆಲ್ ದಾನ್ ದಿಬ್ಬವನ್ನು ಅಗೆಯುತ್ತಿದ್ದವರಿಗೆ ಹಳೆಯ ಗೋಡೆಯೊಂದರಲ್ಲಿ ಒಡೆದ ಶಾಸನದ ಕಲ್ಲು ಸಿಕ್ಕಿತು. ಅಕ್ಷರ ಅರಾಮಿಕ್, ಮಾತು ಅರಾಮ್ಯ ದೊರೆಯೊಬ್ಬನದು, ಬಹುಪಾಲು ವಿದ್ವಾಂಸರ ಪ್ರಕಾರ ದಮಸ್ಕದ ಹಜಾಯೇಲನದು. ಇಸ್ರಾಯೇಲಿನ ಅರಸನನ್ನೂ 'ದಾವೀದನ ಮನೆತನ'ದ ಅರಸನನ್ನೂ ಕೊಂದೆನೆಂದು ಅವನು ಹೇಳಿಕೊಂಡಿದ್ದಾನೆ. ಬೈಬಲ್ ಈ ಕೊಲೆಗಳನ್ನು ಇಸ್ರಾಯೇಲಿನಲ್ಲೇ ದಂಗೆಯೆದ್ದ ಸೇನಾಪತಿ ಯೇಹುವಿನ ಲೆಕ್ಕಕ್ಕೆ ಸೇರಿಸುತ್ತದೆ. ಏನೇ ಇರಲಿ, ಬೈಬಲಿನ ಹೊರಗೆ ದಾವೀದನ ವಂಶಕ್ಕೆ ಸಿಕ್ಕ ಅತ್ಯಂತ ಸ್ಪಷ್ಟ ಪ್ರಾಚೀನ ಸಾಕ್ಷ್ಯವನ್ನು ಕೆತ್ತಿಸಿದವನು ಆ ವಂಶದ ಶತ್ರು!

ಕರ್ಕರ್‌ನಲ್ಲಿ ಹೆಗಲೆಣೆ

ಈ ಹಗೆತನಕ್ಕೆ ಮುಂಚೆ ಒಂದು ಅಪೂರ್ವ ಸ್ನೇಹವಿತ್ತು. ಕ್ರಿ.ಪೂ. 853ರಲ್ಲಿ ಅಶ್ಶೂರ ಸಾಮ್ರಾಜ್ಯದ ಅರಸ ಮೂರನೆಯ ಶಲ್ಮನೆಸೆರ ದಂಡೆತ್ತಿ ಬಂದಾಗ ಸಿರಿಯಾದ ಕರ್ಕರ್‌ನಲ್ಲಿ ಎದುರು ನಿಂತ ಮೈತ್ರಿಕೂಟದ ಮುಂದಾಳು ದಮಸ್ಕದ ಹದದೆಜೆರ. ಅವನು 1,200 ರಥ, 20,000 ಕಾಲಾಳು ತಂದಿದ್ದ; ಇಸ್ರಾಯೇಲಿನ ಅಹಾಬ 2,000 ರಥ, 10,000 ಕಾಲಾಳು ತಂದಿದ್ದ. ಇದು ಅಶ್ಶೂರದ ಶಾಸನವೇ ಕೊಡುವ ಲೆಕ್ಕ. ಗೆದ್ದೆನೆಂದು ಕೆತ್ತಿಸಿಕೊಂಡ ಶಲ್ಮನೆಸೆರ ಅದೇ ಕೂಟದ ಮೇಲೆ ಮತ್ತೆ ಮತ್ತೆ ಬರಬೇಕಾಯಿತು. ದಮಸ್ಕ ಬೀಳಲಿಲ್ಲ, ಇಸ್ರಾಯೇಲಿನ ರಾಜಧಾನಿ ಸಮಾರ್ಯವೂ ಬೀಳಲಿಲ್ಲ.

ಆ ಒಗ್ಗಟ್ಟು ಬಾಳಲಿಲ್ಲ. ದಮಸ್ಕದ ಸಿಂಹಾಸನ ಕಸಿದುಕೊಂಡ ಹಜಾಯೇಲನನ್ನು ಅಶ್ಶೂರದವರು 'ಹೇಳಹೆಸರಿಲ್ಲದವನ ಮಗ' ಎಂದು ಹೀಗಳೆದರು. ಅವನೋ ಯೊರ್ದನಿನಾಚೆಯ ಗಿಲ್ಯಾದನ್ನು ಇಸ್ರಾಯೇಲಿನಿಂದ ಕಿತ್ತುಕೊಂಡ, ಫಿಲಿಷ್ಟಿಯರ ಗತ್ ಪಟ್ಟಣವನ್ನು ಹಾಳುಗೆಡವಿದ. ಅವನು ಯೆರೂಸಲೇಮಿನತ್ತ ತಿರುಗಿದಾಗ, ದಾವೀದನ ವಂಶ ಆಳುತ್ತಿದ್ದ ಯೆಹೂದದ ಅರಸ ದೇವಾಲಯದ ಚಿನ್ನ ಕಳಿಸಿ ಪಾರಾದ.

ಬೆಳ್ಳಿ ಕೊಟ್ಟು ತಂದ ಆಪತ್ತು

ದೇವಾಲಯದ ಭಂಡಾರಕ್ಕೆ ಕೈಹಾಕಿದ್ದು ಅದೇ ಮೊದಲಲ್ಲ. ಹಿಂದೆ ಯೆಹೂದದ ಆಸ, ತನ್ನ ನೆರೆಯ ಇಸ್ರಾಯೇಲನ್ನು ಹಣಿಯಲು ದಮಸ್ಕದ ಬೆನ್ಹದದನಿಗೆ ಬೆಳ್ಳಿಬಂಗಾರ ಕಳಿಸಿದ್ದ. ಸುಮಾರು ಒಂದೂವರೆ ಶತಮಾನದ ಬಳಿಕ ದಮಸ್ಕದ ರೆಚೀನನೂ ಇಸ್ರಾಯೇಲಿನ ಪೆಕಹನೂ ಒಂದಾಗಿ ಯೆರೂಸಲೇಮಿನ ಮೇಲೆ ಬಂದರು. ಆಗ ಯೆಹೂದದ ಅರಸ ಆಹಾಜ ಅದೇ ಭಂಡಾರ ತೆಗೆದು ಅಶ್ಶೂರವನ್ನೇ ಕರೆದ.

ಕ್ರಿ.ಪೂ. 732ರಲ್ಲಿ ದಮಸ್ಕ ಬಿತ್ತು, ರೆಚೀನ ಹತನಾದ. ಹತ್ತು ವರ್ಷದಲ್ಲಿ ಸಮಾರ್ಯವೂ ಬಿತ್ತು. ಕರೆದ ಯೆಹೂದ ಅಶ್ಶೂರಕ್ಕೆ ಕಪ್ಪ ಕಟ್ಟುವ ರಾಜ್ಯವಾಯಿತು. ಈ ನೆರೆಹೊರೆಯ ಅರಸರನ್ನು ಕಾಪಾಡಿದ್ದು ಕರ್ಕರ್‌ನ ಒಗ್ಗಟ್ಟು. ಮುಳುಗಿಸಿದ್ದು ಪಕ್ಕದವನನ್ನು ಮಣಿಸಲು ಹೊರಗಿನವನನ್ನು ಕರೆಯುವ ಚಾಳಿ.