ಮೊಬೈಲಿನವರ ವರ್ಷಕ್ಕೆ ಹದಿಮೂರು ತಿಂಗಳು!

ಊರಿಗೆಲ್ಲ ವರ್ಷಕ್ಕೆ ಹನ್ನೆರಡು ತಿಂಗಳಾದರೆ ಮೊಬೈಲ್ ಕಂಪೆನಿಗಳ ಪಂಚಾಂಗದಲ್ಲಿ ಹದಿಮೂರು! 28 ದಿನದ ಪ್ಯಾಕು ಹಾಕಿಸುವ ಗಿರಾಕಿ ವರ್ಷಕ್ಕೆ 13 ಸಲ ದುಡ್ಡು ತೆರಬೇಕು. 30 ದಿನದ ಪ್ಯಾಕೂ ಇರಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರ ಜನವರಿಯಲ್ಲೇ ಆದೇಶಿಸಿದೆ. ಬಲ್ಲವರೆಷ್ಟು ಮಂದಿ?

ಬಟನ್ ಫೋನಿನ ಅಜ್ಜಿಯರ ಗೋಳೇ ಬೇರೆ. ‘ಮಗನ ಜತೆ ಮಾತಾಡಿದ್ರೆ ಸಾಕು, ಇಂಟರ್‌ನೆಟ್ಟು ನಂಗ್ಯಾಕಪ್ಪಾ?’ ಎಂದರೂ ಡಾಟಾದ ದುಡ್ಡು ತಪ್ಪುತ್ತಿರಲಿಲ್ಲ. ಮಾತು, ಎಸ್ಸೆಮ್ಮೆಸ್ ಎರಡೇ ಇರುವ ಪ್ಯಾಕನ್ನೂ ಕಂಪೆನಿಗಳು ಕೊಡಲೇಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ಮಾಡಿತು. ಅವಧಿ 365 ದಿನದವರೆಗೂ ಇರಬಹುದು.

ನಿಯಮವೇನೋ ಬಂತು; ಕೇಳದವರಿಗೆ ಅದು ಕಾಗದದ ಮೇಲಿನ ಬೆಲ್ಲ. ರೀಚಾರ್ಜ್ ಅಂಗಡಿಯಲ್ಲಿ ಗಿರಾಕಿಗಳು ಬಾಯಿಬಿಟ್ಟೇ ಕೇಳಬೇಕು: ‘ಬರೀ ಮಾತಿನ ಪ್ಯಾಕಿಗೆ ಎಷ್ಟು? ಎಷ್ಟು ದಿನ?’ ದರವನ್ನು ದಿನಕ್ಕೆ ಭಾಗಿಸಿದರೆ ಬಂಡವಾಳ ಬಯಲು!